ಕಪಾಟಿನ ಹಿಂದಿನ ಸಾಕೆಟ್

ಬ್ಯಾಡಗಿಯ ಮೈಲೇಶ ಯಾರ ಮನೆಗೆ ಹೋದರೂ ಅವನು ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತದೆ. ಹಾಗಂತ ಸೆಂಟು ಪೂಸಿಕೊಳ್ಳುವ ಮನುಷ್ಯನಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಮನೆ. ಅವನ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಸಣ್ಣ ಫ್ಯಾನು ಎಂಟು ವರ್ಷಗಳಿಂದ ಆ ಓಣಿಯ ಗಾಳಿಯನ್ನೇ ಉಸಿರಾಡಿದೆ. ಹಾವೇರಿಯಲ್ಲಾಗಲಿ, ರಾಣೇಬೆನ್ನೂರಿನಲ್ಲಾಗಲಿ, ಅವನು ಅದನ್ನು ತೆರೆದು ಚಾಲೂ ಮಾಡಿದ ಎರಡು ನಿಮಿಷಕ್ಕೆ ಮನೆಮಂದಿ ಒಬ್ಬೊಬ್ಬರಾಗಿ ಸೀನಲು ಶುರುಮಾಡುತ್ತಾರೆ. ಅವನಿಗೆ ಮಾತ್ರ ಏನೂ ಆಗುವುದಿಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಕೇಬಲ್ ಟೀವಿಯ ತಂತಿ ಎಳೆಯಲು ಮಾಳಿಗೆ ಹತ್ತಿದವನು. ಮನೆಮನೆಗೆ ಡಿಶ್ ಬಂತು, ಎಳೆದ ತಂತಿಯನ್ನೆಲ್ಲ ತಾನೇ ಸುತ್ತಿ ತಂದ. ಫೈಬರ್ ಬಂತು, ಮತ್ತೆ ಎಳೆದ. ಈಗ ದೊಡ್ಡ ಮನೆಗಳಿಗೆ ಮೂಲೆಮೂಲೆಗೂ ವೈಫೈ ಹಾಕಿಕೊಡುತ್ತಾನೆ, ಕೆಟ್ಟರೆ ರಿಪೇರಿ ಮಾಡುತ್ತಾನೆ. ಇಪ್ಪತ್ತೈದು ವರ್ಷದಲ್ಲಿ ತಂತಿ ಮೂರು ಸಲ ಬದಲಾಯಿತು. ಮೊಣಕಾಲು ಮಾತ್ರ ಅವೇ ಎರಡು. ಏಣಿಯ ಪ್ರತಿ ಮೆಟ್ಟಿಲಿಗೂ ಅವು ಒಂದೊಂದು ಮಾತು ಆಡುತ್ತವೆ, ಮೈಲೇಶ ಕೇಳಿಸಿಕೊಳ್ಳದವನಂತೆ ಹತ್ತುತ್ತಾನೆ.

ಕೈ ಚೊಕ್ಕ, ಮಾತು ಕಡಿಮೆ, ಚಟ ಯಾವುದೂ ಇಲ್ಲ. ಇದ್ದದ್ದೊಂದೇ: 'ನಾಳೆ ಬರ್ತೇನ್ರಿ' ಎನ್ನುವುದು. ಸುಳ್ಳು ಹೇಳಬೇಕೆಂದು ಹೇಳುವುದಲ್ಲ. ಹೇಳುವಾಗ ಅವನು ಖಂಡಿತ ನಾಳೆ ಹೋಗುವವನೇ. ಆದರೆ ನಾಳೆ ಬೆಳಗಾದರೆ ಗುತ್ತಲದಿಂದ ಒಂದು ಫೋನು, ಕುಮಾರಪಟ್ಟಣದಿಂದ ಇನ್ನೊಂದು. ದಣಿದ ಮನುಷ್ಯನಿಗೆ ನಾಳೆಯಷ್ಟು ದೊಡ್ಡ ಗೋದಾಮು ಇನ್ನೊಂದಿಲ್ಲ, ಎಷ್ಟು ತುಂಬಿದರೂ ಹಿಡಿಸುತ್ತದೆ.

ಈ ಸಲದ ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಆ ಗೋದಾಮಿನ ಬಾಗಿಲು ಕಿತ್ತುಬಂತು.

ಅವತ್ತು ಬೆಳಿಗ್ಗೆಯೇ ಮೈಲೇಶನ ತಾಯಿ ಉಚ್ಚಂಗೆವ್ವ ಅವನ ಸಾಮಾನುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದಳು. ಲ್ಯಾಪ್‌ಟಾಪು, ತಂತಿ ಕತ್ತರಿಸುವ ಇಕ್ಕಳ, ಡ್ರಿಲ್ಲು, ಏಣಿ, ಜೊತೆಗೆ ತೀರಿಹೋದ ಗಂಡನ ಕುಡಗೋಲು. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಚೆಂಡುಹೂವು. ವರ್ಷವಿಡೀ ದುಡಿದ ಸಾಮಾನಿಗೆ ಅವತ್ತು ವಿಶ್ರಾಂತಿ. ದುಡಿಸಿದವನಿಗೂ ಇರಬೇಕಾಗಿತ್ತು, ಆದರೆ ಸಂಜೆ ಐದಕ್ಕೆ ಗಾಳಿ ಎದ್ದಿತು. ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಹೀಗೆ ಮೂರು ಸಲ. ಮೈಲೇಶನ ಫೋನು ಹಬ್ಬದ ಹೋಳಿಗೆಯನ್ನೂ ನೆಟ್ಟಗೆ ತಿನ್ನಲು ಬಿಡಲಿಲ್ಲ.

ಏಳನೆಯ ಫೋನು ರಾಣೇಬೆನ್ನೂರಿನ ವಿಜಯೇಂದ್ರರದು. ಬೀಜದ ವ್ಯಾಪಾರದಲ್ಲಿ ಹೆಸರು ಮಾಡಿದ ಮನುಷ್ಯ. ಹೆಂಡತಿ ಮೃಣಾಲಿನಿ ಡಾಕ್ಟರು. ಸುತ್ತಲಿನ ಸಣ್ಣ ಆಸ್ಪತ್ರೆಗಳು ಕಳಿಸುವ ಸ್ಕ್ಯಾನುಗಳನ್ನು ಮನೆಯಲ್ಲೇ ಕುಳಿತು ನೋಡಿ ವರದಿ ಬರೆಯುವ ಕೆಲಸ ಅವರದು.

"ಮೈಲೇಶ, ನೆಟ್ ಪೂರಾ ಬಂದ್ ಆಗ್ಯದ. ಕರೆಂಟ್ ಬಂದು ಅರ್ಧಾ ತಾಸಾತು, ಇನ್ನೂ ಬಂದಿಲ್ಲ. ಇಕಿಗೆ ಒಂದು ಅರ್ಜಂಟ್ ಸ್ಕ್ಯಾನ್ ನೋಡೂದದ. ಈಗ ಬಾ."

ಮೈಲೇಶ ಜಗಲಿಯ ಕಡೆ ನೋಡಿದ. ಉಚ್ಚಂಗೆವ್ವ ಲ್ಯಾಪ್‌ಟಾಪಿನ ಮುಂದೆ ಕಾವಲು ಕೂತಂತೆ ಕೂತಿದ್ದಳು.

"ಮುಂಜಾನಿ ಪೂಜಿ ಇಳಿಸಿ ಕೊಡ್ತೇನಿ. ಅಲ್ಲೀತನ ಕೈ ಹಚ್ಚೀಯಪ್ಪಾ ಮತ್ತ" ಎಂದಳು.

ತಾಯಿಯ ಮಾತು ಮೀರಬಾರದೆಂದು ಅವನು ಹೋಗಲಿಲ್ಲ ಎಂದರೆ ಕೇಳಲು ಚಂದ. ಖರೇ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಹಾಯೆನಿಸಿತು. ಬೆನ್ನು ನೆಲಕ್ಕೆ ಹಚ್ಚಿದರೆ ಸಾಕಾಗಿತ್ತು.

"ನಾಳೆ ಬರ್ತೇನ್ರಿ ಸರ" ಎಂದ.

ಮರುದಿನ ದಶಮಿ. ಉಚ್ಚಂಗೆವ್ವ ಪೂಜೆ ಇಳಿಸಿ, ಒಂದೊಂದೇ ಸಾಮಾನು ಕಣ್ಣಿಗೆ ಒತ್ತಿಕೊಂಡು ಮಗನ ಕೈಗಿಟ್ಟಳು. ಮೈಲೇಶ ಸ್ಕೂಟರ್ ಹತ್ತಿ ರಾಣೇಬೆನ್ನೂರು ಮುಟ್ಟಿದಾಗ ಒಂಬತ್ತು ಗಂಟೆ. ಹಾವೇರಿಯಲ್ಲಿ ಇನ್ನೂ ನಾಲ್ಕು ಮನೆಗಳು ಕಾಯುತ್ತಿದ್ದವು. ಬಾಗಿಲಲ್ಲಿ ನಿಂತಿದ್ದ ವಿಜಯೇಂದ್ರ ನಮಸ್ಕಾರಕ್ಕೂ ಕಾಯಲಿಲ್ಲ.

"ನಮ್ಮ ಅವ್ವನ ಪ್ರತಾಪ ನೋಡು ಬಾ. ನಿನ್ನೆ ಎಲ್ಲಾ ಯಂತ್ರಕ್ಕೂ ವಿಶ್ರಾಂತಿ ಅಂತ. ಮಿಕ್ಸರ್ ಬಂದ್, ಹೊಲಿಗಿ ಮಷಿನ್ ಬಂದ್, ಅಷ್ಟು ಸಾಲದು ಅಂತ ಇನ್ವರ್ಟರೂ ಬಂದ್ ಮಾಡಿ ಅದಕ್ಕ ಕುಂಕುಮ ಹಚ್ಯಾಳ! ಕರೆಂಟ್ ಹೋತು, ನಿನ್ನ ವೈಫೈ ಡಬ್ಬಿ ಸತ್ತು ಬಿತ್ತು. ಒಬ್ಬ ಪೇಷಂಟಿನ ತಲೀ ಸ್ಕ್ಯಾನ್ ಎರಡು ತಾಸು ಹಂಗೇ ಬಿದ್ದಿತ್ತು, ಗೊತ್ತದೇನು ನಿನಗ?"

ಮೈಲೇಶ ಹೆಗಲ ಚೀಲ ಕೆಳಗಿಟ್ಟ. "ಆ ಪೇಷಂಟು?" ಎಂದ.

"ಕಾದು ಕಾದು ದಾವಣಗೆರಿಗೆ ಒಯ್ದ್ರು. ಉಳದಾನ. ಅವನ ಪುಣ್ಯಾ, ನಮ್ಮದಲ್ಲ."

ಪಡಸಾಲೆಯ ಆಚೆ, ದೇವರ ಮನೆಯ ಹೊಸ್ತಿಲಲ್ಲಿ ಅನಸೂಯಾಬಾಯಿ ಬತ್ತಿ ಹೊಸೆಯುತ್ತಾ ಕೂತಿದ್ದರು. ವಿಜಯೇಂದ್ರರ ತಾಯಿ, ಎಪ್ಪತ್ತೆರಡರ ಆಸುಪಾಸು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಖಂಡೇ ಪೂಜೆ ಅವರ ಕೈಯಲ್ಲೇ ಆಗುತ್ತಿತ್ತು. ಮಗನ ಮಾತು ಕಿವಿಗೆ ಬಿದ್ದರೂ ಅವರು ತಲೆ ಎತ್ತಲಿಲ್ಲ.

"ಹೇಳಿಬಿಟ್ಟೇನಿ" ಎಂದರು ವಿಜಯೇಂದ್ರ, ತಾಯಿಗೆ ಕೇಳುವಷ್ಟು ಗಟ್ಟಿಯಾಗಿ. "ಮುಂದಿನ ವರ್ಷದಿಂದ ಈ ಮನ್ಯಾಗ ಯಂತ್ರಗಳ ಪೂಜಾನೇ ಬ್ಯಾಡ. ದೇವರಿಗೆ ಮಾಡ್ಕೋ, ಸಾಮಾನು ಮುಟ್ಟಬ್ಯಾಡ."

ಬಾಯಿಯವರು ಹೊಸೆದ ಬತ್ತಿಯನ್ನು ತಟ್ಟೆಗಿಟ್ಟು, ಇನ್ನೊಂದಕ್ಕೆ ಹತ್ತಿ ಎಳೆದುಕೊಂಡರು. ಅಷ್ಟೇ.

ವೈಫೈ ನಡೆಸುವ ಆ ಕಂಟ್ರೋಲರ್ ಡಬ್ಬಿ ಇದ್ದದ್ದು ದೇವರ ಮನೆಯ ಪಕ್ಕದ ಗೂಡಿನಲ್ಲಿ, ಮುಂದೆ ಒಂದು ಕಪಾಟು. ಹಳೆಯ ಕಾಲದ ಮನೆ, ಎರಡು ಗೇಣು ದಪ್ಪದ ಕಲ್ಲಿನ ಗೋಡೆಗಳು. ಒಂದು ಕೋಣೆಯ ವೈಫೈ ಇನ್ನೊಂದು ಕೋಣೆಗೆ ದಾಟುವುದಿಲ್ಲ. ಅದಕ್ಕೇ ಮೂರು ವರ್ಷದ ಹಿಂದೆ ಮೈಲೇಶ ಮನೆಯಲ್ಲೆಲ್ಲ ಏಳು ವೈಫೈ ಪೆಟ್ಟಿಗೆ ಹಾಕಿ, ಎಲ್ಲಕ್ಕೂ ಹಿರಿಯನಾಗಿ ಈ ಡಬ್ಬಿಯನ್ನು ಕೂರಿಸಿದ್ದ. ಹೊರಗಿನ ಫೈಬರ್ ಮೊದಲು ಬರುವುದು ಇದಕ್ಕೆ. ಇದು ಹೇಳಿದಂತೆ ಆ ಏಳೂ ಕೇಳುತ್ತವೆ. ಸರಿ ಇದ್ದಾಗ ಇದರ ಹಣೆಯ ಮೇಲೆ ಒಂದು ನೀಲಿ ದೀಪ ನಿಂತು ಉರಿಯುತ್ತದೆ. ಈಗ ಅದು ಉಸಿರು ಸಿಕ್ಕದವನಂತೆ ಮಿಟುಕುತ್ತಿತ್ತು. ಮೇಲಿನ ಕುಂಕುಮವನ್ನು ಯಾರೋ ಸಿಟ್ಟಿನಿಂದ ಒರೆಸಿದ್ದರು, ಕೆಂಪು ಉದ್ದಕ್ಕೂ ಹರಡಿತ್ತು.

ಮೈಲೇಶ ಕಪಾಟು ಸರಿಸಿ, ಡಬ್ಬಿಯ ತಂತಿ ಎಲ್ಲಿಗೆ ಹೋಗಿದೆ ಎಂದು ಬಗ್ಗಿ ನೋಡಿದ. ಬಗ್ಗಿದವನು ಹಾಗೆಯೇ ನೆಲಕ್ಕೆ ಕೂತುಬಿಟ್ಟ.

ತಂತಿ ಇನ್ವರ್ಟರಿನ ಸಾಕೆಟ್ಟಿಗೆ ಹೋಗಿರಲಿಲ್ಲ. ಕಪಾಟಿನ ಹಿಂದಿನ ಸಾದಾ ಸಾಕೆಟ್ಟಿಗೆ ಹೋಗಿತ್ತು. ಅದನ್ನು ಅಲ್ಲಿ ಚುಚ್ಚಿದವನು ಅವನೇ.

ಎಲ್ಲವೂ ನೆನಪಾಯಿತು. ಇನ್ವರ್ಟರಿನ ಲೈನು ಗೋಡೆಯ ಆಚೆ ಬದಿಗೆ, ದೇವರ ಮನೆಯೊಳಗೆ ಮುಗಿದಿತ್ತು. ಈಚೆಗೆ ತರಬೇಕೆಂದರೆ ಕಲ್ಲು ಕೊರೆಯಬೇಕು, ಅರ್ಧ ದಿನದ ಕೆಲಸ. ಅವತ್ತು ಮುಂಜಾನೆಯಿಂದ ಏಣಿ ಹತ್ತಿ ಇಳಿದು ಎಡ ಮೊಣಕಾಲು ತೆಂಗಿನಕಾಯಿಯಷ್ಟಾಗಿತ್ತು. ಸದ್ಯಕ್ಕೆ ಇಲ್ಲಿ ಇರಲಿ, ನಾಳೆ ಬಂದು ಕೊರೆಯೋಣ ಎಂದುಕೊಂಡು ಹೊರಟಿದ್ದ. ಆ ನಾಳೆಗೆ ಈಗ ಮೂರು ವರ್ಷ. ಈ ಮೂರು ವರ್ಷದಲ್ಲಿ ಕರೆಂಟು ಹೋದಾಗೆಲ್ಲ ಡಬ್ಬಿ ಆರುತ್ತಿತ್ತು, ಬಂದಾಗ ತಾನೇ ಏಳುತ್ತಿತ್ತು. ಕರೆಂಟಿನ ಜೊತೆ ನೆಟ್ಟೂ ಹೋಗುವುದು ಊರಿಗೆಲ್ಲ ರೂಢಿಯಾದ್ದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಮೃಣಾಲಿನಿ ಮಾತ್ರ ಎರಡು ಸಲ ಕೇಳಿದ್ದರು. 'ಲೈನಿನ ಕಡೀನ ಹೋಗಿರ್ತೈತ್ರಿ ಡಾಕ್ಟ್ರ' ಎಂದು ಅವನು ಜಾರಿಕೊಂಡಿದ್ದ.

ಹಾಗಾದರೆ ಬಾಯಿಯವರು ಇನ್ವರ್ಟರ್ ಆರಿಸಿದ್ದಕ್ಕೂ ಡಬ್ಬಿ ಕೆಟ್ಟಿದ್ದಕ್ಕೂ ಸಂಬಂಧವೇ ಇಲ್ಲ. ಆರಿಸದಿದ್ದರೂ ಇದು ಸಾಯುತ್ತಿತ್ತು. ಇದು ಗೊತ್ತಿರುವವನು ಭೂಮಿಯ ಮೇಲೆ ತಾನೊಬ್ಬನೇ ಎಂದುಕೊಂಡ ಮೈಲೇಶ. ಹೇಳಿದರೆ ಈ ಮನೆ ಕೈಬಿಟ್ಟಂತೆ. ವಿಜಯೇಂದ್ರರು ಒಂದು ಮಾತು ಆಡಿದರೆ ರಾಣೇಬೆನ್ನೂರಿನ ಅರ್ಧ ಮನೆಗಳೂ ಬಿಟ್ಟಂತೆ. ಹೇಳದಿದ್ದರೆ? ಮುದುಕಿ ನಾಲ್ಕು ಮಾತು ಕೇಳಿಸಿಕೊಂಡು ಸುಮ್ಮನಾಗುತ್ತದೆ. ಮೊದಲು ಕೆಲಸ ಮುಗಿಯಲಿ, ಆಮೇಲೆ ನೋಡೋಣ. 'ನಾಳೆ'ಯ ತಮ್ಮನೇ ಈ 'ಆಮೇಲೆ'.

ಲ್ಯಾಪ್‌ಟಾಪ್ ತೆರೆದು ತಂತಿ ಹಚ್ಚಿದ. ಫ್ಯಾನು ಗುರ್ ಎಂದಿತು. ಇನ್ನೂ ಬೈಯುತ್ತಲೇ ನಿಂತಿದ್ದ ವಿಜಯೇಂದ್ರ "ಈ ಹಳೇ ಕಾಲದ ಮಂದಿಗೆ..." ಎಂದು ಶುರುಮಾಡಿ ಸೀನಿದರು. ಮತ್ತೆ "ಮಂದಿಗೆ..." ಎಂದು ಇನ್ನೊಂದು ಸೀನಿದರು. ಆರನೆಯ ಸೀನಿಗೆ ಮಾತು ಬಿಟ್ಟು, ಮೂಗು ಹಿಡಿದುಕೊಂಡು ಹೊರಗೆ ನಡೆದರು.

ಡಬ್ಬಿಯ ಕಾಯಿಲೆ ಮೈಲೇಶ ಅಂದಾಜು ಮಾಡಿದ್ದೇ. ಯಾವ ಪೆಟ್ಟಿಗೆ ಎಲ್ಲಿದೆ, ಯಾವ ಫೋನಿಗೆ ಎಷ್ಟು ಕೊಡಬೇಕು ಎಂದು ಅದು ತನ್ನೊಳಗೆ ಸದಾ ಬರೆದುಕೊಳ್ಳುತ್ತಿರುತ್ತದೆ. ಬರೆಯುತ್ತಿದ್ದಾಗಲೇ ಮೂರು ಸಲ ಜೀವ ಹೋಗಿದ್ದರಿಂದ ಬರೆದದ್ದೆಲ್ಲ ಕಲಸಿಹೋಗಿತ್ತು. ಅದು ತಾನೇ ತೆಗೆದಿಟ್ಟುಕೊಂಡ ಬ್ಯಾಕಪ್ಪೂ ಒಳಗಿನ ಅದೇ ಮೆಮೊರಿ ಕಾರ್ಡಿನಲ್ಲಿದ್ದದ್ದರಿಂದ ಅದೂ ಓದಲು ಬರಲಿಲ್ಲ. ಪುಣ್ಯಕ್ಕೆ ಯುಗಾದಿಯ ಹೊತ್ತಿಗೆ ಅವನು ತೆಗೆದುಕೊಂಡಿದ್ದ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿತ್ತು. ಹೊಸ ಕಾರ್ಡು ಹಾಕಿ, ಡಬ್ಬಿಯನ್ನು ಹುಟ್ಟಿದ ದಿನದಷ್ಟು ಖಾಲಿ ಮಾಡಿ, ಆ ಪ್ರತಿಯನ್ನು ಒಳಗೆ ಇಳಿಸಿದ. ಐದು ಪೆಟ್ಟಿಗೆಗಳು ಹಿರಿಯನ ಗುರುತು ಹಿಡಿದವು. ಯುಗಾದಿಯ ನಂತರ ಬದಲಿಸಿದ್ದ ಎರಡು ಮಾತ್ರ ಹಿಡಿಯಲಿಲ್ಲ. ಅವು ಇದ್ದದ್ದು ಮಾಳಿಗೆಯ ಎರಡು ತುದಿಗೆ. ಇಪ್ಪತ್ತೆರಡು ಪಾವಟಿಗೆ ಹತ್ತಿ, ಪಿನ್ನಿನಿಂದ ಗುಂಡಿ ಒತ್ತಿ, ಇಳಿದು ಬಂದು ನೋಡಿದ. ಒಂದು ಬಂದಿತ್ತು, ಇನ್ನೊಂದು ಬಂದಿರಲಿಲ್ಲ. ಮತ್ತೆ ಹತ್ತಿದ. ಮೂರನೆಯ ಸಲ ಕೆಳಗಿಳಿದಾಗ ನೀಲಿ ದೀಪ ಮಿಟುಕುವುದು ಬಿಟ್ಟು ನಿಂತಿತ್ತು. ಅವನಿಗೆ ಸಂತೋಷವೇನೂ ಆಗಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಅನಸೂಯಾಬಾಯಿ ಚಹದ ಕಪ್ಪು, ಅವಲಕ್ಕಿ ಚೂಡಾದ ಬಟ್ಟಲು ಹಿಡಿದು ನಿಂತಿದ್ದರು. ವಿಜಯೇಂದ್ರ ಗೇಟಿನ ಹತ್ತಿರ ಫೋನಿನಲ್ಲಿದ್ದರು, ಮೃಣಾಲಿನಿ ಮೇಲಿನ ಕೋಣೆಯಲ್ಲಿದ್ದರು.

"ಕುಡಿ, ಆರಿಹೋಗ್ತದ. ಮೊಣಕಾಲು ಇನ್ನೂ ಹಂಗೇ ಅದ ಏನು?"

"ಅದು ಇದ್ದದ್ದಽ ಬಿಡ್ರಿ, ಅವ್ವಾರ."

ಬಾಯಿಯವರು ಕಪಾಟಿಗೆ ಕೈಯೂರಿ ನಿಂತರು. ಅವರ ಕಣ್ಣು ಹಿಂದಿನ ಸಾಕೆಟ್ಟಿನ ಮೇಲೆ ಬಿತ್ತು. ಮೈಲೇಶನ ಕೈಯ ಚಹ ಬಾಯಿಗೆ ಹೋಗಲಿಲ್ಲ.

"ಅದನ್ನ ಹೇಳಬ್ಯಾಡ ಅವಗ" ಎಂದರು ಸಣ್ಣ ದನಿಯಲ್ಲಿ.

"ಏನ್ರಿ?"

"ಏನಂದ್ರ? ಮೂರು ವರ್ಷದಿಂದ ಮುಂಜಾನೆ ಎದ್ದು ಈ ಕಪಾಟಿನ ಹಿಂದ ಕಸಾ ಹೊಡಿಯಾಕಿ ನಾನಽ ಅಲ್ಲೇನು? ಕರೆಂಟ್ ಹೋತಂದ್ರ ದೇವರ ಮನಿ ದೀಪ ಇನ್ವರ್ಟರ್ ಮ್ಯಾಲ ಇರ್ತದ, ಈ ನೀಲಿ ದೀಪ ಆರ್ತದ. ಇದು ತಿಳೀಲಿಕ್ಕೆ ಸಾಲಿ ಕಲೀಬೇಕೇನಪಾ?"

ಮೈಲೇಶ ಅವರ ಕಡೆ ತಿರುಗಿದ. "ಗೊತ್ತಿದ್ದೂ ನಿನ್ನೆಯಿಂದ ಯಾಕ ಬೈಸ್ಕೊಂಡ್ರಿ?"

"ಡಬ್ಬಿ ಹಾಕಿದ ದಿನ ನೀನು ಅಲ್ಲೆ ಪಾವಟಿಗಿ ಮ್ಯಾಲ ಕೂತು ಕಾಲು ತಿಕ್ಕೋತಿದ್ದಿ. ನಾನಽ ಮಜ್ಜಿಗಿ ಕೊಟ್ಟಿದ್ದೆ, ಮರತ್ಯೇನು? ಕೈಯಾಗ ಲೋಟಾ ನಿಲ್ಲವಲ್ದಾಗಿತ್ತು ನಿನಗ." ಬಾಯಿಯವರು ಬಾಗಿಲ ಕಡೆ ಒಮ್ಮೆ ನೋಡಿದರು. "ನನ್ನ ಮ್ಯಾಲಿನ ಸಿಟ್ಟು ಅವಗ ನಾಕು ದಿನ ಇದ್ದೀತು. ತಾಯಿನ್ನ ಬಿಟ್ಟು ಎಲ್ಲಿ ಹೋಗ್ತಾನ? ನಿನ್ನ ಮ್ಯಾಲ ಸಿಟ್ಟಾದ್ರ ನೀನು ಈ ಮನಿ ಹೊಸ್ತಿಲಾ ದಾಟೂ ಹಂಗಿಲ್ಲ. ಕುಡಿ ಮೊದಲ ಅದನ್ನ."

ಇಷ್ಟು ಹೇಳಿ ಅವರು ಒಳಗೆ ಹೋದರು. ಹೋಗುವಾಗ ಗೂಡಿನ ಬದಿಯಲ್ಲಿದ್ದ ಕುಂಕುಮದ ಭರಣಿಯನ್ನು ಎತ್ತಿಕೊಂಡು ಹೋಗಿ ದೇವರ ಮನೆಯ ಮೂಲೆಗಿಟ್ಟರು. ಇನ್ನು ಇದಕ್ಕೆ ಇಲ್ಲಿ ಕೆಲಸವಿಲ್ಲ ಎಂಬಂತೆ.

ಮೈಲೇಶನನ್ನು ಗಿರಾಕಿಗಳು ಏನೇನೆಲ್ಲ ಬೈದಿದ್ದಾರೆ. ಯಾವುದೂ ಮೈಗೆ ಹತ್ತಿರಲಿಲ್ಲ. ಬಾಯಿಯವರ ಈ ಮಾತಿಗೆ ಮಾತ್ರ ಅವನು ಚಹದ ಕಪ್ಪನ್ನು ಕೆಳಗಿಟ್ಟ. ಮುದುಕಿ ನಾಲ್ಕು ಮಾತು ಕೇಳಿಸಿಕೊಂಡು ಸುಮ್ಮನಾಗುತ್ತದೆ ಎಂದು ತಾನು ಲೆಕ್ಕ ಹಾಕಿದ ಹೊತ್ತಿಗೆ, ಆಕೆ ತನ್ನ ಸಲುವಾಗಿ ಆ ನಾಲ್ಕು ಮಾತನ್ನು ಆಗಲೇ ಕೇಳಿಸಿಕೊಂಡು ಕೂತಿದ್ದರು. ಇಷ್ಟು ವರ್ಷದ ಪೂಜೆಯನ್ನೂ ಬಿಟ್ಟುಕೊಟ್ಟಿದ್ದರು. ನಾಚಿಕೆ ಎಂದರೆ ಏನೆಂದು ಅವನಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು.

ಮೇಲಿನಿಂದ ಮೃಣಾಲಿನಿ ಇಳಿದು ಬಂದರು. "ಬಂತು ಮೈಲೇಶ, ಫಸ್ಟ್‌ಕ್ಲಾಸ್ ಬರಾಕತ್ತದ" ಎಂದರು. ಗೇಟಿನಿಂದ ವಿಜಯೇಂದ್ರರೂ ಒಳಗೆ ಬಂದರು. "ಹಂಗಾದ್ರ ಇನ್ನ ಆ ಇನ್ವರ್ಟರಿಗೆ ಒಂದು ಕೀಲಿ ಹಾಕೋಣು. ಅವ್ವನ ಕೈಗೆ ಸಿಗಬಾರದು ಅದು" ಎಂದರು.

ಮೈಲೇಶನ 'ಆಮೇಲೆ' ಅಲ್ಲಿಗೆ ಮುಗಿಯಿತು.

"ಅವ್ವಾರದು ತಪ್ಪಿಲ್ರಿ ಸರ. ನಂದು ಐತಿ."

ಕಪಾಟನ್ನು ಇನ್ನಷ್ಟು ಸರಿಸಿ, ಬೆರಳು ಮಾಡಿ ತೋರಿಸಿದ. ಮೂರು ವರ್ಷದ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿದ. ಮೊಣಕಾಲಿನ ಸುದ್ದಿ ಎತ್ತಲಿಲ್ಲ. ಬಾಯಿಯವರಿಗೆ ಗೊತ್ತಿತ್ತು ಎಂಬುದನ್ನೂ ಹೇಳಲಿಲ್ಲ, ಅದು ಅವರು ಹೇಳಬೇಕಾದ ಮಾತು. ವಿಜಯೇಂದ್ರ ಪಂಚೆ ಎತ್ತಿ ಕಟ್ಟಿ, ಮೊದಲ ಸಲ ತಮ್ಮ ಮನೆಯ ಗೂಡಿನೊಳಗೆ ತಾವೇ ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ನಾ ಎರಡು ಸಲ ಕೇಳಿದ್ದೆ ನಿನಗ, ಮೈಲೇಶ" ಎಂದರು ಮೃಣಾಲಿನಿ. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಹೌದ್ರಿ ಡಾಕ್ಟ್ರ. ಸುಳ್ಳು ಹೇಳಿದ್ನಿ."

ವಿಜಯೇಂದ್ರ ನೆಟ್ಟಗಾದರು. ಮುಖ ಕೆಂಪಗಾಗಿತ್ತು. ಸಿಟ್ಟಿಗೋ ಬಗ್ಗಿದ್ದಕ್ಕೋ ಹೇಳುವುದು ಕಷ್ಟ. "ನೀ ಹೋಗು. ಇನ್ನ ಮುಂದ ಬೇರೆ ಯಾರನ್ನರ ನೋಡ್ಕೋತೇವಿ."

"ಹೋಗ್ತೇನ್ರಿ. ಗ್ವಾಡಿ ಕೊರದು, ಲೈನ್ ಹಾಕಿ ಹೋಗ್ತೇನ್ರಿ. ರೊಕ್ಕಾ ಬ್ಯಾಡ್ರಿ."

ಮೈಲೇಶ ಹೊರಗೆ ಹೋಗಿ ಸ್ಕೂಟರಿನ ಡಿಕ್ಕಿಯಲ್ಲಿ ಹುಡುಕಿ, ಎಲ್ಲಕ್ಕಿಂತ ಅಡಿಯಿಂದ ಕಲ್ಲು ಕೊರೆಯುವ ಉಳಿ, ಒಂದು ಚಾಣ ತೆಗೆದ. ಕಲ್ಲಿಗೆ ಅವನ ಡ್ರಿಲ್ಲು ಸಾಲದು. ಚಾಣಕ್ಕೆ ತುಕ್ಕು ಹತ್ತಿತ್ತು. ಆ ಮನೆಯ ಗೋಡೆಗೆಂದೇ ಕೊಂಡದ್ದು ಅದು.

ಎರಡೂವರೆ ತಾಸು ಹಿಡಿಯಿತು. ಹಾವೇರಿಯ ಮನೆಗಳಿಂದ ಫೋನು ಬರುತ್ತಲೇ ಇತ್ತು, ಅವನು ಎತ್ತಲಿಲ್ಲ. ಒಂದು ಗೇಣು ಹೋಗುವಷ್ಟರಲ್ಲಿ ಹೆಗಲು ಬಿದ್ದುಹೋಯಿತು. ಸ್ವಲ್ಪ ಕೂತ, ಮತ್ತೆ ಎದ್ದ. ಕಲ್ಲಿನ ಪುಡಿ ಮೀಸೆಗೆಲ್ಲ ಹತ್ತಿ ಬೆಳ್ಳಗಾದ. ಆ ಹೊತ್ತು ಸೀನಿದವನು ಅವನೊಬ್ಬನೇ. ಆಚೆ ಬದಿಯಿಂದ ಬೆಳಕಿನ ಚುಕ್ಕೆ ಕಂಡಾಗ ತಂತಿ ತೂರಿಸಿ, ಹೊಸ ಸಾಕೆಟ್ ಕೂರಿಸಿ, ಡಬ್ಬಿಯನ್ನು ಅದಕ್ಕೆ ಚುಚ್ಚಿದ. ಹಳೆಯ ಸಾಕೆಟ್ಟಿಗೆ ಟೇಪು ಸುತ್ತಿದ. ನೀಲಿ ದೀಪ ನಿಂತ ಮೇಲೆ ವಿಜಯೇಂದ್ರರನ್ನು ಕರೆದು, "ಮೇನ್ ತೆಗೀರಿ ಸರ" ಎಂದ.

ವಿಜಯೇಂದ್ರ ಮೇನ್ ಸ್ವಿಚ್ ಕೆಳಗೆ ಎಳೆದರು. ಫ್ರಿಜ್ಜು ಗೊರಕೆ ನಿಲ್ಲಿಸಿತು, ಮಾಳಿಗೆಯ ಪಂಪು ನಿಂತಿತು. ದೇವರ ಮನೆಯ ದೀಪ ಉರಿಯುತ್ತಿತ್ತು. ಅದರ ಪಕ್ಕದ ಗೂಡಿನಲ್ಲಿ ನೀಲಿ ದೀಪವೂ ಉರಿಯುತ್ತಿತ್ತು.

ಅವರು ಅದನ್ನು ನೋಡುತ್ತಾ ನಿಂತರು. ಮೇನ್ ಮತ್ತೆ ಮೇಲೆತ್ತಿದರು. ಮೈಲೇಶನ ಕಡೆ ತಿರುಗಲಿಲ್ಲ. ಅವನು ಕಸ ಬಳಿದು, ಸಾಮಾನು ಚೀಲಕ್ಕೆ ತುಂಬತೊಡಗಿದ. ಆಗ ವಿಜಯೇಂದ್ರ ಗೋಡೆಯ ಕಡೆಗೇ ಮುಖ ಮಾಡಿ ಕರೆದರು.

"ಅವ್ವಾ, ಆ ಕುಂಕುಮದ ಭರಣಿ ತಗೊಂಬಾ. ನಿನ್ನೆ ನಾ ಒರಸಿಬಿಟ್ಟಿದ್ದೆ. ಈ ಡಬ್ಬಿಗೆ ಹಚ್ಚೂದು ಹಂಗೇ ಉಳದದ."

ಸ್ವಲ್ಪ ಹೊತ್ತಿಗೆ ಅನಸೂಯಾಬಾಯಿ ಭರಣಿ ಹಿಡಿದು ಬಂದರು. ಸೆರಗಿನಿಂದ ಡಬ್ಬಿಯ ಮೇಲಿನ ಕಲ್ಲಿನ ಪುಡಿ ಒರೆಸಿ, ನೀಲಿ ದೀಪದ ಮೇಲೆ ಒಂದು ಬೊಟ್ಟಿಟ್ಟರು. ಇನ್ವರ್ಟರಿಗೆ ಒಂದು. ಆಮೇಲೆ ಚೀಲದ ಪಕ್ಕ ನೆಲದ ಮೇಲಿದ್ದ ಚಾಣದ ಕಡೆ ನೋಡಿದರು.

"ಇದಕ್ಕ ಪೂಜಾ ಆಗಿಲ್ಲಲ್ಲೋ?"

"ಇಲ್ಲರೀ ಅವ್ವಾರ. ಮೂರು ವರ್ಷ ಕೆಲಸಾನಽ ಮಾಡಿದ್ದಿಲ್ಲ ಅದು."

"ಇವತ್ತು ಮಾಡೇದಲ್ಲ" ಎಂದು ಬಾಯಿಯವರು ಬಗ್ಗಿ, ಅದಕ್ಕೂ ಕುಂಕುಮ ಹಚ್ಚಿದರು.